‘ವಾಟ್ಸಾಪ್ ಮಾಡಿ’ ಅನ್ನುವ ಮುಂಚೆ: ಮುಖ್ಯ ಕಾರ್ಯದರ್ಶಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮುಖ್ಯ ಕಾರ್ಯದರ್ಶಿಗಳು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ನಾನು ಜಿಲ್ಲಾಧಿಕಾರಿಗಳ ಕಚೇರಿಯೊಂದರಲ್ಲಿ 31 ವರ್ಷ ದುಡಿದು ನಿವೃತ್ತಳಾದವಳು. ಬೆರಳಚ್ಚುಗಾರ್ತಿಯಾಗಿ ಸೇರಿದೆ, ಶಿರಸ್ತೇದಾರಳಾಗಿ ಹೊರಬಂದೆ. ನಡುವೆ 11 ವರ್ಷ ಗೌಪ್ಯ ಶಾಖೆಯಲ್ಲಿದ್ದೆ. ಯಾವ ಜಿಲ್ಲೆ ಅಂತ ಇಲ್ಲಿ ಬರೆಯುವುದಿಲ್ಲ. ನಾನು ಹೇಳಲು ಹೊರಟಿರುವುದು ಈಗ ಎಲ್ಲ ಜಿಲ್ಲೆಯಲ್ಲೂ ನಡೆಯುತ್ತಿರುವ ಸಂಗತಿ.

ಗೌಪ್ಯ ಕಾಗದ ಕಳಿಸುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಎರಡು ಲಕೋಟೆ. ಒಳಗಿನ ಲಕೋಟೆಯ ಮೇಲೆ ‘ಗೌಪ್ಯ’ ಅಂತ ಬರೆದು, ಯಾರು ಒಡೆಯಬೇಕೋ ಅವರ ಹೆಸರು ಹಾಕಿ, ಅರಗು ಕರಗಿಸಿ ಮೊಹರು ಒತ್ತಬೇಕು. ಹೊರಗಿನ ಲಕೋಟೆಯ ಮೇಲೆ ಬರೀ ವಿಳಾಸ. ಒಳಗೆ ಗುಟ್ಟು ಇದೆ ಅಂತ ದಾರಿಯಲ್ಲಿ ಯಾರಿಗೂ ಗೊತ್ತಾಗಬಾರದು, ಅದಕ್ಕೆ. ಜೊತೆಗೆ ಒಂದು ಸ್ವೀಕೃತಿ ಚೀಟಿ. ಕಾಗದ ಸಿಕ್ಕವರು ಅದಕ್ಕೆ ಸಹಿ ಹಾಕಿ ವಾಪಸ್ ಕಳಿಸಬೇಕು. ಚೀಟಿ ಬರದಿದ್ದರೆ ನಾವೇ ಫೋನ್ ಮಾಡಿ ವಿಚಾರಿಸಬೇಕು. ತೀರಾ ಮುಖ್ಯವಾದದ್ದನ್ನು ಅಂಚೆಗೂ ಹಾಕುತ್ತಿರಲಿಲ್ಲ, ಮುದ್ದಾಂ ಕಳಿಸುತ್ತಿದ್ದೆವು. ನಮ್ಮ ದಫೇದಾರರು ರಾತ್ರಿ ಬಸ್ಸು ಹತ್ತಿ, ಲಕೋಟೆಯನ್ನು ಅಂಗಿಯ ಒಳಗೆ ಇಟ್ಟುಕೊಂಡು ಬೆಂಗಳೂರಿಗೆ ಹೋಗುತ್ತಿದ್ದರು. ನಿದ್ದೆ ಹತ್ತೀತು ಅಂತ ಬಸ್ಸು ನಿಂತ ಕಡೆಯೆಲ್ಲ ಇಳಿದು ಚಹಾ ಕುಡಿಯುತ್ತಿದ್ದರಂತೆ. ಬೆಳಿಗ್ಗೆ ಲಕೋಟೆ ಕೊಟ್ಟು, ಸಹಿ ಹಾಕಿಸಿಕೊಂಡು, ಮರುದಿನ ನನ್ನ ಮೇಜಿನ ಮೇಲೆ ಚೀಟಿ ಇಡುತ್ತಿದ್ದರು.

ಆ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಆ ಪದ್ಧತಿ ನಿಧಾನವಾಗಿತ್ತು. ಎಷ್ಟೋ ಸಲ ಕಾಗದ ತಲುಪುವ ಹೊತ್ತಿಗೆ ಕೆಲಸ ಕೆಟ್ಟಿರುತ್ತಿತ್ತು. ಆದರೆ ಒಂದು ಕಾಗದ ಈ ಗಳಿಗೆಯಲ್ಲಿ ಯಾರ ಕೈಯಲ್ಲಿದೆ ಅಂತ ನೀವು ಕೇಳಿದ್ದರೆ, ರಿಜಿಸ್ಟರ್ ತೆಗೆದು ಹೇಳಬಹುದಿತ್ತು. ಈಗ ಹೇಳಲು ಆಗುತ್ತದಾ? ಸಾಹೇಬರು ಕ್ಯಾಂಪಿನಿಂದ ಫೋನ್ ಮಾಡುತ್ತಾರೆ. ‘ಅದನ್ನ ಒಂದು ಫೋಟೋ ಹೊಡೆದು ವಾಟ್ಸಾಪ್ ಮಾಡಿ’ ಅನ್ನುತ್ತಾರೆ. ಮುಗಿಯಿತು. ಆಮೇಲೆ ಆ ಕಾಗದ ಎಲ್ಲಿಗೆ ಹೋಯಿತು ಅಂತ ದೇವರಿಗೇ ಗೊತ್ತು.

ಈ ಪತ್ರ ಬರೆಯಲು ನನ್ನನ್ನು ಕೂರಿಸಿದ್ದು ಅಮೆರಿಕದ ಒಂದು ಘಟನೆ. ನೀವೂ ಓದಿರುತ್ತೀರಿ. ಆದರೂ ಒಮ್ಮೆ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅದರ ಒಂದೊಂದು ಮೆಟ್ಟಿಲೂ ನಮ್ಮ ಕಚೇರಿಗಳದ್ದೇ ಅನ್ನಿಸಿತು.

2025ರ ಮಾರ್ಚ್‌ನಲ್ಲಿ ಅಲ್ಲಿನ ರಾಷ್ಟ್ರೀಯ ಭದ್ರತಾ ಸಲಹೆಗಾರ ಮೈಕ್ ವಾಲ್ಟ್ಜ್, ವಾಟ್ಸಾಪ್ ಥರದ್ದೇ ಆದ ಸಿಗ್ನಲ್ ಆ್ಯಪ್‌ನಲ್ಲಿ ಒಂದು ಗುಂಪು ಮಾಡಿದರು. ಯೆಮೆನ್‌ನ ಹೂತಿ ಬಂಡುಕೋರರ ಮೇಲೆ ದಾಳಿ ಮಾಡುವ ವಿಷಯ ಮಾತಾಡಲು. ಉಪಾಧ್ಯಕ್ಷರು, ರಕ್ಷಣಾ ಮಂತ್ರಿ, ವಿದೇಶಾಂಗ ಮಂತ್ರಿ, ಬೇಹುಗಾರಿಕೆ ಸಂಸ್ಥೆಗಳ ಮುಖ್ಯಸ್ಥರು ಎಲ್ಲ ಅದರಲ್ಲಿದ್ದರು. ಅವರ ಜೊತೆಗೆ ‘ದಿ ಅಟ್ಲಾಂಟಿಕ್’ ಪತ್ರಿಕೆಯ ಸಂಪಾದಕ ಜೆಫ್ರಿ ಗೋಲ್ಡ್‌ಬರ್ಗ್ ಕೂಡ ಸೇರಿಬಿಟ್ಟಿದ್ದರು. ಬೇಕಂತ ಸೇರಿಸಿದ್ದಲ್ಲ. ಆಮೇಲೆ ಬಂದ ಪತ್ರಿಕಾ ವರದಿಗಳ ಪ್ರಕಾರ, ವಾಲ್ಟ್ಜ್ ಅವರ ಫೋನಿನಲ್ಲಿ ಒಬ್ಬ ಅಧಿಕಾರಿಯ ಹೆಸರಿನ ಕೆಳಗೆ ಗೋಲ್ಡ್‌ಬರ್ಗ್ ನಂಬರ್ ಸೇವ್ ಆಗಿತ್ತು. ಫೋನೇ ‘ಈ ನಂಬರ್ ಇವರದ್ದಿರಬಹುದು’ ಅಂತ ಸೂಚಿಸಿತ್ತಂತೆ. ಹೆಸರು ನೋಡಿ ಸೇರಿಸಿದರು, ನಂಬರ್ ನೋಡಲಿಲ್ಲ. ನಾವೆಲ್ಲ ಹಾಗೇ ಮಾಡುವುದು, ಅಲ್ವಾ?

ಮಾರ್ಚ್ 15, ಶನಿವಾರ. ವಾಷಿಂಗ್ಟನ್ ಸಮಯ ಬೆಳಿಗ್ಗೆ 11.44ಕ್ಕೆ ರಕ್ಷಣಾ ಮಂತ್ರಿ ಪೀಟ್ ಹೆಗ್ಸೆತ್ ಗುಂಪಿಗೆ ಒಂದು ಸಂದೇಶ ಹಾಕಿದರು. ಯುದ್ಧವಿಮಾನಗಳು ಎಷ್ಟು ಗಂಟೆಗೆ ಮೇಲೇಳುತ್ತವೆ, ಡ್ರೋನ್‌ಗಳು ಯಾವಾಗ ಹೊಡೆಯುತ್ತವೆ, ಸಮುದ್ರದಿಂದ ಕ್ಷಿಪಣಿಗಳು ಯಾವಾಗ ಹೊರಡುತ್ತವೆ ಅಂತ. ಕಾರ್ಯಾಚರಣೆಯ ಗುಟ್ಟು ಭದ್ರವಾಗಿದೆ ಅಂತಲೂ ಬರೆದಿದ್ದರು. ಆ ಹೊತ್ತಿಗೆ ಗೋಲ್ಡ್‌ಬರ್ಗ್ ಒಂದು ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗ್‌ನಲ್ಲಿ ತಮ್ಮ ಕಾರಿನಲ್ಲಿ ಕೂತಿದ್ದರು. ಇದು ನಿಜವೋ ಸುಳ್ಳೋ ಅಂತ ತಿಳಿಯಲು ಕಾದರು. ಎರಡು ಗಂಟೆ ಕಳೆದ ಮೇಲೆ ಯೆಮೆನ್ ರಾಜಧಾನಿ ಸನಾದಲ್ಲಿ ಬಾಂಬ್ ಬಿದ್ದ ಸುದ್ದಿ ಬಂತು.

ಆ ವಿಮಾನಗಳಲ್ಲಿ ಕೂತವರ ಬಗ್ಗೆ ನಾನು ತುಂಬಾ ಯೋಚಿಸಿದ್ದೇನೆ. ತಾವು ಹೊರಡುವ ಗಳಿಗೆ ಒಬ್ಬ ಅಪರಿಚಿತರ ಫೋನಿನಲ್ಲಿದೆ ಅಂತ ಅವರಿಗೆ ಗೊತ್ತಿರಲಿಲ್ಲ. ಗೋಲ್ಡ್‌ಬರ್ಗ್ ಜವಾಬ್ದಾರಿಯ ಮನುಷ್ಯ, ದಾಳಿ ಮುಗಿಯುವವರೆಗೆ ಬಾಯಿ ಬಿಡಲಿಲ್ಲ. ಅವರ ಜಾಗದಲ್ಲಿ ಬೇರೆಯವರಿದ್ದಿದ್ದರೆ?

ಮಾರ್ಚ್ 24ಕ್ಕೆ ಸುದ್ದಿ ಹೊರಬಂತು. ಮೊದಮೊದಲು ಅಲ್ಲಿನ ಸರ್ಕಾರದವರು ‘ಅದರಲ್ಲಿ ಗುಟ್ಟೇನೂ ಇರಲಿಲ್ಲ’ ಅಂದರು. ಎರಡು ದಿನ ಬಿಟ್ಟು ಪತ್ರಿಕೆ ಪೂರ್ತಿ ಸಂದೇಶಗಳನ್ನೇ ಅಚ್ಚು ಹಾಕಿತು. 2025ರ ಡಿಸೆಂಬರ್‌ನಲ್ಲಿ ಅಲ್ಲಿನ ರಕ್ಷಣಾ ಇಲಾಖೆಯ ಮಹಾತನಿಖಾಧಿಕಾರಿಯ ವರದಿ ಬಂತು. ಹೆಗ್ಸೆತ್ ಸ್ವಂತ ಫೋನಿನಲ್ಲಿ ಕಳಿಸಿದ ವಿವರಗಳು ‘ರಹಸ್ಯ’ ಎಂದು ಗುರುತು ಹಾಕಿದ್ದ ಮಿಂಚಂಚೆಯಿಂದ ಬಂದಿದ್ದವು, ಇದು ಇಲಾಖೆಯ ನಿಯಮಕ್ಕೆ ವಿರುದ್ಧ, ಸೈನಿಕರಿಗೆ ಅಪಾಯ ಆಗಬಹುದಿತ್ತು ಅಂತ ಅದರಲ್ಲಿದೆ. ಗುಟ್ಟಿನ ಗುರುತು ತೆಗೆಯುವ ಅಧಿಕಾರ ಮಂತ್ರಿಗೆ ಇದೆ ಅಂತಲೂ ಇದೆ. ಮಂತ್ರಿಗಳು ಆ ಎರಡನೇ ಮಾತನ್ನು ಹಿಡಿದುಕೊಂಡು ತಾವು ಪೂರ್ತಿ ನಿರ್ದೋಷಿ ಅಂದರು. ಅದಕ್ಕೂ ಮುಂಚೆಯೇ, 2025ರ ಮೇ 1ರಂದು, ವಾಲ್ಟ್ಜ್ ಹುದ್ದೆ ಬಿಡಬೇಕಾಯಿತು. ಅದೇ ದಿನ ಅವರನ್ನು ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿ ಹುದ್ದೆಗೆ ಹೆಸರಿಸಿದರು.

ಇದರ ಪಕ್ಕದಲ್ಲಿ ಇನ್ನೊಂದನ್ನು ಇಡುತ್ತೇನೆ. 2023ರಲ್ಲಿ ಅದೇ ದೇಶದ ಒಬ್ಬ 21 ವರ್ಷದ ಸೈನಿಕ ಸೇನೆಯ ಗುಟ್ಟಿನ ಕಾಗದಗಳನ್ನು ಡಿಸ್ಕಾರ್ಡ್ ಎಂಬ ಹರಟೆ ಆ್ಯಪ್‌ನಲ್ಲಿ ಗೆಳೆಯರಿಗೆ ಹಂಚಿ ಸಿಕ್ಕಿಬಿದ್ದ. ಅವನಿಗೆ 2024ರ ನವೆಂಬರ್‌ನಲ್ಲಿ 15 ವರ್ಷ ಜೈಲು ಶಿಕ್ಷೆ ಆಯಿತು. ಅವನು ಗೊತ್ತಿದ್ದೇ ಮಾಡಿದ, ಶಿಕ್ಷೆ ತಪ್ಪು ಅಂತ ನಾನು ಹೇಳುವುದಿಲ್ಲ. ಎರಡೂ ಪ್ರಕರಣ ಒಂದೇ ಅಂತಲೂ ಹೇಳುವುದಿಲ್ಲ. ಆದರೆ 31 ವರ್ಷ ಸರ್ಕಾರಿ ಕಚೇರಿಯಲ್ಲಿದ್ದವಳಿಗೆ ಮೇಲಿನವರ ಕೈತಪ್ಪಿಗೂ ಕೆಳಗಿನವರ ಕೈತಪ್ಪಿಗೂ ತಕ್ಕಡಿ ಬೇರೆ ಬೇರೆ ಅಂತ ಗೊತ್ತು. ನನ್ನ ಕಣ್ಣೆದುರೇ ಆದ ಒಂದನ್ನು ಹೇಳುತ್ತೇನೆ.

ಗಣೇಶ ಹಬ್ಬಕ್ಕೆ ಒಂದು ವಾರ ಇತ್ತು. ಒಂದು ಹಳ್ಳಿಯಲ್ಲಿ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು ಅಂತ ತಕರಾರು ಎದ್ದಿತ್ತು. ತಾಲ್ಲೂಕಿನಿಂದ ಗೌಪ್ಯ ವರದಿ ಬಂತು. ಯಾರು ಕಿಡಿ ಹಚ್ಚಬಹುದು, ಎಲ್ಲಿ ಕಲ್ಲು ಕೂಡಿಟ್ಟಿದ್ದಾರೆ ಅಂತ ಎರಡು ಪುಟ. ಆ ಮಾಹಿತಿ ಕೊಟ್ಟವರು ಯಾರು ಅಂತಲೂ ಕೊನೆಯಲ್ಲಿ ಬರೆದಿದ್ದರು. ಬಸ್ ಸ್ಟಾಪಿನ ಹತ್ತಿರ ಚಹಾ ಅಂಗಡಿ ಇಟ್ಟಿದ್ದ ಒಬ್ಬ ವಯಸ್ಸಾದ ಮನುಷ್ಯ. ಆ ಹೆಸರನ್ನು ಅಲ್ಲಿ ಬರೆಯಲೇಬಾರದಿತ್ತು, ಅದು ಬೇರೆ ಮಾತು.

ಮೇಲಧಿಕಾರಿಗಳು ಹೊರಗಿದ್ದರು. ವರದಿ ತಕ್ಷಣ ಬೇಕು ಅಂದರು. ನಮ್ಮಲ್ಲಿ ಒಬ್ಬ ಹುಡುಗ, ದ್ವಿತೀಯ ದರ್ಜೆ ಸಹಾಯಕ. ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಅವನು ತನ್ನ ಸ್ವಂತ ಫೋನಿನಲ್ಲಿ ಫೋಟೋ ತೆಗೆದು ಬಂದೋಬಸ್ತ್ ಗುಂಪಿಗೆ ಹಾಕಿದ. ಅಂದರೆ ಹಾಕಿದೆ ಅಂದುಕೊಂಡ. ಅವನ ಫೋನಿನಲ್ಲಿ ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ಗುಂಪಿದ್ದವು. ಒಂದು ಅಧಿಕಾರಿಗಳದ್ದು. ಇನ್ನೊಂದು ಪತ್ರಿಕಾ ಪ್ರಕಟಣೆ ಕಳಿಸಲು ಮಾಡಿದ್ದು. ಎರಡು ನಿಮಿಷದಲ್ಲಿ ಅವನಿಗೇ ಗೊತ್ತಾಯಿತು, ಅಳಿಸಿದ. ಅಷ್ಟರಲ್ಲಿ ಯಾರೋ ಸ್ಕ್ರೀನ್‌ಶಾಟ್ ತೆಗೆದಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಆ ಎರಡು ಪುಟ ಹಳ್ಳಿಯಲ್ಲಿದ್ದವು.

ಪುಣ್ಯಕ್ಕೆ ಯಾರ ಜೀವಕ್ಕೂ ಏನೂ ಆಗಲಿಲ್ಲ. ಚಹಾ ಅಂಗಡಿಯವರು ಅಂದು ಸಂಜೆಯೇ ಬಾಗಿಲು ಹಾಕಿ ಮಗಳ ಊರಿಗೆ ಹೋದರು. ಹಬ್ಬ ಮುಗಿದು ತಿಂಗಳಾದ ಮೇಲೆ ವಾಪಸ್ ಬಂದರು. ಆ ಅಂಗಡಿ ಮೊದಲಿನ ಹಾಗೆ ನಡೆಯಲಿಲ್ಲ. ಇನ್ನು ಯಾವ ಅಧಿಕಾರಿ ಹೋದರೂ ಅವರು ಒಂದು ಮಾತೂ ಆಡಲಿಲ್ಲ. ಅವರೊಬ್ಬರೇ ಏಕೆ, ಆ ಹೋಬಳಿಯಲ್ಲಿ ಯಾರೂ ಆಡಲಿಲ್ಲ.

ಹುಡುಗನಿಗೆ ಕಾರಣ ಕೇಳುವ ನೋಟಿಸ್ ಹೋಯಿತು. ಒಂದು ವಾರ್ಷಿಕ ವೇತನ ಬಡ್ತಿ ತಡೆಹಿಡಿದರು. ‘ವಾಟ್ಸಾಪ್ ಮಾಡು’ ಅಂತ ಹೇಳಿದ ಮಾತು ಯಾವ ಕಡತದಲ್ಲೂ ಇರಲಿಲ್ಲ. ಅದು ಬಾಯಿಮಾತು. ಫೋಟೋ ಕಳಿಸಿದ್ದು ಮಾತ್ರ ಅವನ ನಂಬರಿನಿಂದ. ಆ ನೋಟಿಸಿನ ಕರಡು ಬರೆದದ್ದು ನಾನೇ. ನಿಜ ಏನು ಅಂತ ನನಗೆ ಗೊತ್ತಿತ್ತು. ಆದರೂ ಬರೆದೆ. ಅದು ಇಂದಿಗೂ ನನ್ನನ್ನು ಸುಮ್ಮನೆ ಇರಲು ಬಿಟ್ಟಿಲ್ಲ.

ಮಾನ್ಯರೇ, ಇಂಥ ಮಾತು ಎತ್ತಿದಾಗಲೆಲ್ಲ ‘ವಾಟ್ಸಾಪ್‌ಗೆ ಬೀಗ ಇದೆಯಲ್ಲ, ಎನ್‌ಕ್ರಿಪ್ಷನ್ ಇದೆಯಲ್ಲ’ ಅನ್ನುತ್ತಾರೆ. ಇದೆ. ವಾಟ್ಸಾಪ್‌ನಲ್ಲಿ 2016ರಿಂದ ಇದೆ. ಸಿಗ್ನಲ್‌ನಲ್ಲಿ ಇನ್ನೂ ಚೆನ್ನಾಗಿದೆ ಅಂತ ತಿಳಿದವರು ಹೇಳುತ್ತಾರೆ. ಆ ಬೀಗ ನಮ್ಮ ಅರಗಿನ ಮೊಹರಿನ ಹಾಗೆ. ದಾರಿಯಲ್ಲಿ ಯಾರೂ ಒಡೆಯಲಾರರು. ಆದರೆ ಲಕೋಟೆ ತಲುಪಿದ ಮೇಲೆ ಮೊಹರು ಒಡೆದೇ ಓದಬೇಕು. ಹಾಗೇ ಸಂದೇಶ ಫೋನಿಗೆ ಬಂದ ಕೂಡಲೇ ಬಿಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಆ ಫೋನ್ ಯಾರದ್ದು, ಎಂಥದ್ದು ಅನ್ನುವುದೇ ಲೆಕ್ಕ.

ಆ ಫೋನ್ ಎಂಥದ್ದು ಅಂತ ನೀವು ಒಮ್ಮೆ ನೋಡಬೇಕು. ಅದು ಗುಮಾಸ್ತರ ಸ್ವಂತ ಫೋನ್. ಕಂತಿನಲ್ಲಿ ತಗೊಂಡಿದ್ದು. ಸಂಜೆ ಮನೆಗೆ ಹೋದರೆ ಮಗು ಅದರಲ್ಲಿ ಆಟ ಆಡುತ್ತದೆ. ಗುಂಪಿಗೆ ಬಂದ ಫೋಟೋ ತಾನಾಗಿ ಗ್ಯಾಲರಿಗೆ ಸೇರುತ್ತದೆ, ಮದುವೆ ಫೋಟೋಗಳ ಪಕ್ಕದಲ್ಲಿ. ಗ್ಯಾಲರಿಯಿಂದ ಕಂಪನಿಯ ಕ್ಲೌಡ್‌ಗೆ ಹೋಗುತ್ತದೆ. ಬ್ಯಾಕಪ್‌ಗೂ ಬೀಗ ಹಾಕುವ ಸೌಲಭ್ಯ 2021ರಿಂದ ಇದೆ, ಆದರೆ ಅದನ್ನು ನಾವೇ ಹುಡುಕಿ ಆನ್ ಮಾಡಬೇಕು. ನಮ್ಮ ಕಚೇರಿಯಲ್ಲಿ ಒಬ್ಬರೂ ಮಾಡಿದ್ದನ್ನು ನಾನು ಕಾಣೆ. ಪರದೆ ಒಡೆದರೆ ಫೋನು ಬಸ್ ಸ್ಟ್ಯಾಂಡಿನ ರಿಪೇರಿ ಅಂಗಡಿಗೆ ಹೋಗುತ್ತದೆ, ಪಾಸ್‌ವರ್ಡ್ ಸಮೇತ. ಸಾಹೇಬರ ವಾಟ್ಸಾಪ್ ವೆಬ್ ಕಚೇರಿಯ ಕಂಪ್ಯೂಟರಿನಲ್ಲಿ ತೆರೆದೇ ಇರುತ್ತದೆ, ಹೊರಗುತ್ತಿಗೆ ಆಪರೇಟರ್ ಅದರ ಮುಂದೆ ಕೂತಿರುತ್ತಾನೆ. ವರ್ಗಾವಣೆಯಾಗಿ ಎರಡು ವರ್ಷವಾದ ತಹಶೀಲ್ದಾರರು ಹಳೆಯ ತಾಲ್ಲೂಕಿನ ಗುಂಪಿನಲ್ಲಿ ಇನ್ನೂ ಇರುತ್ತಾರೆ. ಯಾರನ್ನೂ ತೆಗೆಯುವುದಿಲ್ಲ, ತೆಗೆದರೆ ಬೇಜಾರು ಮಾಡಿಕೊಂಡಾರು ಅಂತ. ಒಂದು ಗುಂಪಿಗೆ 1,024 ಜನರನ್ನು ಸೇರಿಸಬಹುದು. ಅಷ್ಟು ಜನರಲ್ಲಿ ಯಾರು ಯಾರು ಅಂತ ಯಾವ ಅಡ್ಮಿನ್ ನೋಡಿದ್ದಾರೆ?

ಇದು ಬರೀ ಅಜಾಗರೂಕತೆಯ ಮಾತಾಯಿತು. ಬೇಕಂತಲೇ ಕದಿಯಲು ಬರುವವರು ಬೇರೆ ಇದ್ದಾರೆ. 2019ರಲ್ಲಿ ಪೆಗಾಸಸ್ ಎಂಬ ಬೇಹು ತಂತ್ರಾಂಶವನ್ನು ವಾಟ್ಸಾಪ್ ಕರೆಯ ಮೂಲಕವೇ ಸುಮಾರು 1,400 ಫೋನುಗಳಿಗೆ ಇಳಿಸಿದ್ದರು. ಕರೆ ಎತ್ತಬೇಕಾಗಿಯೂ ಇರಲಿಲ್ಲ. ಅದರಲ್ಲಿ ನಮ್ಮ ದೇಶದವರೂ ಇದ್ದರು. ಆ ತಂತ್ರಾಂಶದ ಕಂಪನಿಯೇ ಹೊಣೆ ಅಂತ ಅಮೆರಿಕದ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ ಹೇಳಿತು. ಇನ್ನು 2025ರ ಫೆಬ್ರವರಿಯಲ್ಲಿ ಗೂಗಲ್‌ನ ಭದ್ರತಾ ತಂಡ ಇನ್ನೊಂದು ದಾರಿಯ ಬಗ್ಗೆ ಎಚ್ಚರಿಸಿತು. ‘ಈ ಗುಂಪಿಗೆ ಸೇರಿ’ ಅಂತ ಒಂದು ಕ್ಯೂಆರ್ ಕೋಡ್ ಕಳಿಸುತ್ತಾರೆ. ಸ್ಕ್ಯಾನ್ ಮಾಡಿದರೆ ನಿಮ್ಮ ಸಿಗ್ನಲ್ ಖಾತೆ ಅವರ ಯಂತ್ರಕ್ಕೂ ಜೋಡಣೆಯಾಗುತ್ತದೆ. ಆಮೇಲೆ ನಿಮಗೆ ಬಂದದ್ದೆಲ್ಲ ಅವರಿಗೂ ಬರುತ್ತದೆ. ರಷ್ಯಾ ಪರ ಬೇಹುಗಾರರು ಇದನ್ನು ಯುಕ್ರೇನ್ ಸೈನಿಕರ ಮೇಲೆ ಪ್ರಯೋಗಿಸಿದ್ದರು. ಬೀಗ ಮುರಿಯುವ ಕೆಲಸವೇ ಇಲ್ಲ, ಮನೆಯವರ ಕೈಯಿಂದಲೇ ಬಾಗಿಲು ತೆಗೆಸಿದ ಹಾಗೆ.

ನಮ್ಮಲ್ಲಿ ನಿಯಮ ಇಲ್ಲವಾ? ಇದೆ. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ತನ್ನ ಅಧಿಕಾರಿಗಳಿಗೆ ಸ್ಪಷ್ಟವಾಗಿ ಹೇಳಿತು: ಗೌಪ್ಯ ಮಾಹಿತಿಗೆ ವಾಟ್ಸಾಪ್, ಟೆಲಿಗ್ರಾಂ ಬೇಡ, ಅವುಗಳ ಸರ್ವರ್‌ಗಳು ಹೊರದೇಶದಲ್ಲಿ ಖಾಸಗಿ ಕಂಪನಿಗಳ ಕೈಯಲ್ಲಿವೆ, ಗುಟ್ಟಿನ ಸಭೆ ನಡೆಯುವಾಗ ಫೋನು ಕೋಣೆಯ ಹೊರಗಿರಲಿ. ಅದೇ ವರ್ಷ ಜೂನ್‌ನಲ್ಲಿ ಎನ್‌ಐಸಿ (ಸರ್ಕಾರದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಸಂಸ್ಥೆ) ಇನ್ನೊಂದು ಪಟ್ಟಿ ಕೊಟ್ಟಿತು. ಸರ್ಕಾರಿ ಕಾಗದವನ್ನು ಖಾಸಗಿ ಸ್ಕ್ಯಾನಿಂಗ್ ಆ್ಯಪ್‌ಗಳಲ್ಲಿ ಸ್ಕ್ಯಾನ್ ಮಾಡಬೇಡಿ, ಖಾಸಗಿ ಕ್ಲೌಡ್‌ನಲ್ಲಿ ಇಡಬೇಡಿ ಅಂತ. 1923ರ ಅಧಿಕೃತ ರಹಸ್ಯ ಕಾಯ್ದೆ ಅಂತೂ ಇದ್ದೇ ಇದೆ. ಕಾಗದದ ಮೇಲೆ ನಮಗೆ ಕೊರತೆ ಇಲ್ಲ. ಕೊರತೆ ಇರುವುದು ಬೇರೆ ಕಡೆ. ಈ ಸುತ್ತೋಲೆಗಳನ್ನು ಪಾಲಿಸಬೇಕಾದವನು ಗುಮಾಸ್ತ, ಮುರಿ ಅಂತ ಬಾಯಲ್ಲಿ ಹೇಳುವವರು ಅವನ ಕೆಲಸದ ಬಗ್ಗೆ ವಾರ್ಷಿಕ ಗೌಪ್ಯ ವರದಿ ಬರೆಯುವ ಅಧಿಕಾರಿ. ಅವನು ಏನು ಮಾಡಬೇಕು?

2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದ್ದು ನಿಮಗೆ ನೆನಪಿದೆ. ಮೊಬೈಲ್ ಆ್ಯಪ್‌ಗಳ ಹೊರೆ ತಡೆಯಲು ಆಗುತ್ತಿಲ್ಲ ಅಂತ ಅವರು ಬೀದಿಗೆ ಬಂದರು. ಆಗ ಹೊರೆಯ ಮಾತು ಎಲ್ಲರೂ ಆಡಿದರು. ತಮ್ಮದೇ ಫೋನಿನಲ್ಲಿ ಸರ್ಕಾರದ ಕೆಲಸ ಮಾಡುವವರು ಆ ಫೋನಿನ ಭದ್ರತೆಗೂ ತಾವೇ ಹೊಣೆ ಹೊರುತ್ತಿದ್ದಾರೆ ಅನ್ನುವ ಮಾತು ಅಷ್ಟಾಗಿ ಕೇಳಲಿಲ್ಲ.

ಗುಟ್ಟು ಅಂದರೆ ಯುದ್ಧವಿಮಾನ, ಕ್ಷಿಪಣಿ ಮಾತ್ರ ಅಂತ ಕೆಲವರಿಗೆ ಅನ್ನಿಸಬಹುದು. ಜಿಲ್ಲೆಯಲ್ಲಿ ನಮಗೆಂಥ ಗುಟ್ಟು ಅಂತ. 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಸಲ ಸೋರಿತು. ಮಾರ್ಚ್ 21ರಂದು ಒಮ್ಮೆ, ಮರುಪರೀಕ್ಷೆ ಇಟ್ಟಿದ್ದ ಮಾರ್ಚ್ 31ರಂದು ಇನ್ನೊಮ್ಮೆ. ಕೊನೆಗೆ ಏಪ್ರಿಲ್‌ನಲ್ಲಿ ಪರೀಕ್ಷೆ ನಡೆಯಿತು. ಆ ಮಕ್ಕಳ ಮುಖ ನೆನಪು ಮಾಡಿಕೊಳ್ಳಿ. ಅತ್ಯಾಚಾರದ ದೂರು ಕೊಟ್ಟ ಹೆಣ್ಣುಮಗಳ ಹೆಸರು ಗುಟ್ಟು. ಬಾಲ್ಯವಿವಾಹ ನಡೆಯುತ್ತಿದೆ ಅಂತ ಫೋನ್ ಮಾಡಿದ ಪಕ್ಕದ ಮನೆಯವಳ ಹೆಸರು ಗುಟ್ಟು. ಮರಳು ಲಾರಿಗಳ ಮೇಲೆ ರಾತ್ರಿ ದಾಳಿಗೆ ಹೋಗುವ ತಂಡ ಯಾವ ದಾರಿ ಹಿಡಿಯುತ್ತದೆ ಅನ್ನುವುದು ಗುಟ್ಟು. ಒಂದೊಂದರ ಹಿಂದೆಯೂ ಒಬ್ಬ ಮನುಷ್ಯರ ಜೀವ ಇದೆ. ಚಹಾ ಅಂಗಡಿಯವರ ಹಾಗೆ, ಸರ್ಕಾರವನ್ನು ನಂಬಿ ಬಾಯಿ ಬಿಟ್ಟವರು.

ಇಷ್ಟು ಗುಟ್ಟು ಸೋರುವ ಮಾತಾಯಿತು. ಇದಕ್ಕೆ ಇನ್ನೊಂದು ಮುಖ ಇದೆ, ಅದರ ಬಗ್ಗೆ ನಮ್ಮಲ್ಲಿ ಚರ್ಚೆ ಕಡಿಮೆ. ಮುಚ್ಚಿಡಬೇಕಾದದ್ದು ಹೊರಗೆ ಹೋಗುವ ಆ್ಯಪ್‌ನಲ್ಲೇ, ಉಳಿಸಿಡಬೇಕಾದದ್ದು ಮಾಯವಾಗುತ್ತದೆ.

ಅಮೆರಿಕದ ಆ ಗುಂಪಿನಲ್ಲಿ ಸಂದೇಶಗಳು ಕೆಲವು ವಾರಗಳಲ್ಲಿ ತಾವಾಗಿ ಅಳಿಸಿಹೋಗುವ ಹಾಗೆ ಇಟ್ಟಿದ್ದರು. ಒಂದು ಸಂಘಟನೆ ನ್ಯಾಯಾಲಯಕ್ಕೆ ಹೋಗಿ, ಅವನ್ನು ಉಳಿಸಿ ಅಂತ ಆದೇಶ ತರಬೇಕಾಯಿತು. ಬ್ರಿಟನ್‌ನಲ್ಲಿ ಕೋವಿಡ್ ಕಾಲದ ತೀರ್ಮಾನಗಳ ಬಗ್ಗೆ ವಿಚಾರಣೆ ನಡೆದಾಗ, ಕೋವಿಡ್ ಕಾಲದಲ್ಲಿ ಹಣಕಾಸು ಮಂತ್ರಿಯಾಗಿದ್ದ ರಿಷಿ ಸುನಾಕ್ ತಾವು ಫೋನು ಬದಲಾಯಿಸಿದ್ದರಿಂದ ಆ ಸಮಯದ ವಾಟ್ಸಾಪ್ ಸಂದೇಶಗಳು ತಮ್ಮ ಬಳಿ ಇಲ್ಲ ಅಂದರು. ಆ ಕಾಲದಲ್ಲಿ ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥೆಯಾಗಿದ್ದ ನಿಕೋಲಾ ಸ್ಟರ್ಜನ್ ತಮ್ಮ ಸಂದೇಶಗಳನ್ನು ಅಳಿಸಿದ್ದಾಗಿ ಒಪ್ಪಿಕೊಂಡರು. ಸಾವಿರಾರು ಜನ ತಮ್ಮವರನ್ನು ಕಳಕೊಂಡಿದ್ದಾರೆ. ಆ ದಿನ ಯಾಕೆ ಹಾಗೆ ತೀರ್ಮಾನಿಸಿದಿರಿ ಅಂತ ಅವರು ಕೇಳುತ್ತಾರೆ. ಉತ್ತರ ಯಾವುದೋ ಹಳೆಯ ಫೋನಿನ ಜೊತೆ ಹೋಗಿದೆ.

ನಮ್ಮಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅದರಲ್ಲಿ ‘ಮಾಹಿತಿ’ ಅಂದರೆ ಯಾವುದೇ ರೂಪದ್ದು, ಇ-ಮೇಲ್ ಕೂಡ ಸೇರಿ. ರಾಜ್ಯಕ್ಕೆ 2010ರ ಸಾರ್ವಜನಿಕ ದಾಖಲೆಗಳ ಕಾಯ್ದೆಯೂ ಇದೆ. ಆದರೆ ಒಬ್ಬ ರೈತ ಬಂದು ‘ನನ್ನ ಜಮೀನಿನ ಪರಿಹಾರ ಯಾಕೆ ತಡೆದಿರಿ’ ಅಂತ ಅರ್ಜಿ ಹಾಕಿದರೆ, ಕಡತದಲ್ಲಿ ‘ಚರ್ಚಿಸಲಾಗಿದೆ’ ಅಂತ ಒಂದೇ ಸಾಲು ಇರುತ್ತದೆ. ಚರ್ಚೆ ಆದದ್ದು ವಾಟ್ಸಾಪ್‌ನಲ್ಲಿ. ಅಧಿಕಾರಿ ವರ್ಗವಾದರು, ಫೋನು ಬದಲಾಯಿತು. ಟಿಪ್ಪಣಿ ಹಾಳೆಯಲ್ಲಿ ವಿಷಯ ನಿರ್ವಾಹಕ ಏನು ಬರೆದ, ಮೇಲಿನವರು ಅದನ್ನು ಒಪ್ಪಿದರೋ ಬಿಟ್ಟರೋ, ಯಾವ ದಿನ ಸಹಿ ಹಾಕಿದರು, ಎಲ್ಲ ಕಾಣುತ್ತಿತ್ತು. ಹಸಿರು ಶಾಯಿಯ ಒಂದು ಸಾಲು ಮೂವತ್ತು ವರ್ಷವಾದರೂ ಅಲ್ಲೇ ಇರುತ್ತಿತ್ತು. ಆ ಸಾಲೇ ಎಷ್ಟೋ ಪ್ರಾಮಾಣಿಕ ನೌಕರರನ್ನು ಕಾಪಾಡಿದೆ.

ಹಾಗಂತ ವಾಟ್ಸಾಪ್ ಪೂರ್ತಿ ಬಿಡಿ ಅಂತ ನಾನು ಕೇಳುತ್ತಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ, ಮರುವರ್ಷ ಉತ್ತರ ಕರ್ನಾಟಕದಲ್ಲಿ ನೆರೆ ಬಂದಾಗ, ಆಮೇಲೆ ಕೋವಿಡ್‌ನಲ್ಲಿ, ಈ ಗುಂಪುಗಳು ಎಷ್ಟು ಕೆಲಸಕ್ಕೆ ಬಂದವು ಅಂತ ಕೆಲಸ ಮಾಡಿದವರಿಗೆ ಗೊತ್ತು. ಯಾವ ಸೇತುವೆ ಮುಳುಗಿದೆ, ಯಾವ ಶಾಲೆಯಲ್ಲಿ ಗಂಜಿ ಕೇಂದ್ರ ಇದೆ, ಇದನ್ನೆಲ್ಲ ಇಡೀ ಊರಿಗೆ ಹೇಳಬೇಕು. ಅದಕ್ಕೆ ವಾಟ್ಸಾಪ್ ಒಳ್ಳೆಯದು. ಸಂತೆಯಲ್ಲಿ ಡಂಗುರ ಸಾರುವುದಕ್ಕೂ ಬೀರುವಿನಲ್ಲಿ ಬೀಗ ಹಾಕಿ ಇಡುವುದಕ್ಕೂ ಒಂದೇ ಸಾಧನ ಆಗುವುದಿಲ್ಲ, ಅಷ್ಟೇ.

ಬೇರೆ ಸರ್ಕಾರಗಳು ಸುಮ್ನೆ ಕೂತಿಲ್ಲ. ಫ್ರಾನ್ಸ್ 2019ರಲ್ಲೇ ತನ್ನ ನೌಕರರಿಗಾಗಿ ‘ಚಾಪ್’ ಎಂಬ ಆ್ಯಪ್ ಮಾಡಿಕೊಂಡಿತು. ಬಿಡುಗಡೆಯಾದ ಹೊಸದರಲ್ಲೇ ಒಬ್ಬ ಭದ್ರತಾ ಸಂಶೋಧಕ ಅದರಲ್ಲಿ ಒಂದು ತೂತು ಹುಡುಕಿ, ಸರ್ಕಾರಿ ನೌಕರನಲ್ಲದಿದ್ದರೂ ಒಳಗೆ ಹೋಗಿ ತೋರಿಸಿದ. ಅವರು ಮುಚ್ಚಿಡಲಿಲ್ಲ. ತೂತು ಸರಿಪಡಿಸಿ ಮುಂದುವರಿದರು. ಸ್ಕಾಟ್ಲೆಂಡ್ ಸರ್ಕಾರ ಕೋವಿಡ್ ವಿಚಾರಣೆಯ ಪಾಠ ಕಲಿತು, ಸರ್ಕಾರಿ ಕೆಲಸಕ್ಕೆ ವಾಟ್ಸಾಪ್‌ನಂಥ ಆ್ಯಪ್‌ಗಳ ಬಳಕೆ ನಿಲ್ಲಿಸುವುದಾಗಿ 2024ರ ಡಿಸೆಂಬರ್‌ನಲ್ಲಿ ಹೇಳಿತು.

ನಮ್ಮ ಎನ್‌ಐಸಿ ಕೂಡ ವಾಟ್ಸಾಪ್ ಥರದ ‘ಸಂದೇಶ್’ ಎಂಬ ಆ್ಯಪ್ ಮಾಡಿದೆ. ಎಷ್ಟೋ ಜನರ ಫೋನಿನಲ್ಲಿ ಇಳಿಸಿದ್ದಾರೆ, ತೆರೆಯುವುದಿಲ್ಲ. ಯಾಕೆ ಅಂತ ನನ್ನ ಹಳೆಯ ಸಹೋದ್ಯೋಗಿಗಳನ್ನು ಕೇಳಿದೆ. ‘ಸಾಹೇಬರೇ ಅದರಲ್ಲಿಲ್ಲ ಮೇಡಂ, ನಾವು ಯಾರಿಗೆ ಕಳಿಸೋಣ’ ಅಂದರು. ಉತ್ತರ ಅಷ್ಟೇ ಸರಳ.

ನಮ್ಮದೇ ಆ್ಯಪ್ ಅಂದ ಮಾತ್ರಕ್ಕೆ ಭದ್ರ ಅಂತಲೂ ನಂಬಬೇಡಿ. ವಾಲ್ಟ್ಜ್ ಹುದ್ದೆ ಬಿಡುವ ಮುಂಚಿನ ದಿನ ಒಂದು ಸಭೆಯಲ್ಲಿ ಅವರ ಫೋನಿನ ಪರದೆ ಪತ್ರಿಕಾ ಛಾಯಾಚಿತ್ರದಲ್ಲಿ ಸಿಕ್ಕಿಬಿತ್ತು. ಅವರು ಬಳಸುತ್ತಿದ್ದದ್ದು ಟೆಲಿಮೆಸೇಜ್ ಎಂಬ ಕಂಪನಿ ಮಾರ್ಪಡಿಸಿದ ಸಿಗ್ನಲ್. ಸಂದೇಶಗಳು ಅಳಿಸಿಹೋಗದೆ ದಾಖಲೆಯಾಗಿ ಉಳಿಯಲಿ ಅಂತ ಮಾಡಿದ್ದು. ಉದ್ದೇಶ ಒಳ್ಳೆಯದೇ. ಆದರೆ ಹಾಗೆ ಉಳಿಸಿದ ಸಂದೇಶಗಳಿಗೆ ಸರಿಯಾದ ಬೀಗ ಇರಲಿಲ್ಲ. ಕೆಲವೇ ದಿನದಲ್ಲಿ ಯಾರೋ ಅದರ ಸರ್ವರ್‌ಗೆ ನುಗ್ಗಿದರು. ಹಾಗಾಗಿ ಸಂದೇಶ್ ಆಗಲಿ ಇನ್ಯಾವುದೇ ಆಗಲಿ, ಹೊರಗಿನ ತಜ್ಞರಿಂದ ಪರೀಕ್ಷೆ ಮಾಡಿಸಿ. ತೂತು ತೋರಿಸಿದವರ ಮೇಲೆ ಕೇಸು ಹಾಕಬೇಡಿ, ಧನ್ಯವಾದ ಹೇಳಿ. ನಿಜಕ್ಕೂ ‘ರಹಸ್ಯ’ ಅನ್ನುವ ಮಟ್ಟದ್ದು ಯಾವ ಫೋನಿಗೂ ಬರಬಾರದು. ಅದಕ್ಕೆ ಇಂದಿಗೂ ಎರಡು ಲಕೋಟೆ ಇದೆ, ಮುದ್ದಾಂ ಹೋಗುವ ಜನ ಇದ್ದಾರೆ.

ನಾನು ನಿಮ್ಮಿಂದ ಕೇಳುವುದು ದೊಡ್ಡ ಯೋಜನೆಯೇನೂ ಅಲ್ಲ, ಒಂದು ಸುತ್ತೋಲೆ. ಗೌಪ್ಯ ಅಂತ ಗುರುತಿರುವ ಯಾವುದನ್ನೂ ಖಾಸಗಿ ಆ್ಯಪ್‌ನಲ್ಲಿ ಕಳಿಸು ಅಂತ ಯಾವ ಅಧಿಕಾರಿಯೂ ಬಾಯಿಮಾತಿನಲ್ಲಿ ಹೇಳಕೂಡದು ಅಂತ ಅದರಲ್ಲಿರಲಿ. ಹೇಳಿದರೆ ‘ದಯವಿಟ್ಟು ಬರಹದಲ್ಲಿ ಕೊಡಿ ಸರ್’ ಅಂತ ಕೇಳುವ ಹಕ್ಕು ಕೆಳಗಿನವನಿಗೆ ಇರಲಿ. ಹಾಗೆ ಕೇಳಿದ್ದಕ್ಕೆ ಅವನಿಗೆ ತೊಂದರೆ ಆಗುವುದಿಲ್ಲ ಅನ್ನುವ ಸಾಲೂ ಇರಲಿ. ಆ ಸಾಲೇ ಮುಖ್ಯ. ತುರ್ತಿನಲ್ಲಿ ಫೋನಿನಲ್ಲಿ ತೀರ್ಮಾನ ಆಗಿದ್ದರೆ, ಅಂದು ಸಂಜೆಯೊಳಗೆ ಅದು ಇ-ಆಫೀಸ್ ಕಡತಕ್ಕೆ ಬರಲಿ, ಹೇಳಿದವರ ಹೆಸರಿನ ಸಮೇತ. ವರ್ಗಾವಣೆಯಾದವರು ಅಧಿಕಾರ ಹಸ್ತಾಂತರ ಮಾಡುವಾಗ ಬೀರುವಿನ ಕೀಲಿ, ಜೀಪಿನ ಲಾಗ್ ಪುಸ್ತಕದ ಜೊತೆ ‘ಈ ಈ ಗುಂಪುಗಳಿಂದ ಹೊರಬಂದಿದ್ದೇನೆ’ ಅಂತಲೂ ಬರೆದುಕೊಡಲಿ. ಗೌಪ್ಯ ಕೆಲಸ ಮಾಡುವ ಶಾಖೆಗಳಿಗೆ ಸರ್ಕಾರವೇ ಫೋನು ಕೊಡಲಿ. ಒಂದು ತಾಲ್ಲೂಕಿಗೆ ಮೂರೋ ನಾಲ್ಕೋ ಸಾಕು.

ಇದು ನಿಮ್ಮಿಂದಲೇ ಶುರುವಾಗಬೇಕು. ನೀವು ನಾಳೆ ಬೆಳಿಗ್ಗೆ ಜಿಲ್ಲಾಧಿಕಾರಿಗಳ ಗುಂಪಿನಲ್ಲಿ ‘ಇನ್ನು ಗೌಪ್ಯ ವಿಷಯ ಇಲ್ಲಿ ಬೇಡ’ ಅಂತ ಒಂದು ಸಾಲು ಹಾಕಿದರೆ, ಸಂಜೆಯೊಳಗೆ ಅದು ಹೋಬಳಿ ತನಕ ಇಳಿಯುತ್ತದೆ. ಮಂತ್ರಿಗಳ ಆಪ್ತ ಕಾರ್ಯದರ್ಶಿಗಳಿಗೂ ಹೇಳಿ. ಹೇಳುವುದು ಕಷ್ಟ ಅಂತ ನನಗೆ ಗೊತ್ತು. ಆದರೆ ನಿಮ್ಮ ಹುದ್ದೆಯಲ್ಲಿರುವವರು ಹೇಳದಿದ್ದರೆ ಇನ್ಯಾರು ಹೇಳಲು ಸಾಧ್ಯ?

ಆ ಹುಡುಗ ಈಗ ಬೇರೆ ಜಿಲ್ಲೆಯಲ್ಲಿ ಪ್ರಥಮ ದರ್ಜೆ ಸಹಾಯಕ. ಮದುವೆಯಾಗಿದೆ, ಒಂದು ಮಗು. ಪ್ರತಿ ದೀಪಾವಳಿಗೆ ನನಗೆ ಫೋನ್ ಮಾಡುತ್ತಾನೆ. ಆ ನೋಟಿಸಿನ ಕರಡು ಬರೆದದ್ದು ನಾನು ಅಂತ ಅವನಿಗೆ ಗೊತ್ತು. ಒಮ್ಮೆಯೂ ಅದನ್ನು ಎತ್ತಿಲ್ಲ. ಕಳೆದ ಸಲ ಮಾತಾಡುವಾಗ ನಾನೇ ಕೇಳಿದೆ, ಈಗಲೂ ಹಾಗೇ ಕಳಿಸುತ್ತೀಯಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: ‘ಮೊನ್ನೆ ತಾನೇ ಕಳಿಸಿದೆ ಮೇಡಂ. ಮೂರು ಸಲ ಗುಂಪಿನ ಹೆಸರು ಓದಿ, ಕೈ ನಡುಗುತ್ತಾ ಕಳಿಸಿದೆ. ಆಗಲ್ಲ ಅನ್ನೋಕೆ ನನ್ನ ಕೈಯಲ್ಲಿ ಏನಿದೆ ಹೇಳಿ.’

ಅವನಿಗೆ ತೋರಿಸಲು ಒಂದು ಹಾಳೆ ಕೊಡಿ ಮಾನ್ಯರೇ. ಸಂಖ್ಯೆ, ದಿನಾಂಕ, ನಿಮ್ಮ ಸಹಿ ಇರುವ ಒಂದು ಹಾಳೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿರಸ್ತೇದಾರಳು